ಹುಸೇನಮ್ಮನ ಹೆಸರೂ ನನ್ನ ಮುನ್ನೋಟವೂ

ನಮ್ಮ ಮನೆಯ ಬಟ್ಟೆ ಒಗೆಯುವ ಮಷೀನಿಗೆ ಒಂದು ಕಾಲು ಗಿಡ್ಡ. ಅದು ಅಂಗಡಿಯಿಂದ ಬರುವಾಗಲೇ ಹಾಗಿತ್ತೋ ಅಥವಾ ನಮ್ಮ ಬಚ್ಚಲಿನ ಕಲ್ಲುಹಾಸೇ ಸೊಟ್ಟಗಿತ್ತೋ ಎಂಬ ಬಗ್ಗೆ ನನಗೂ ನನ್ನ ಹೆಂಡತಿಗೂ ಇನ್ನೂ ಒಮ್ಮತವಾಗಿಲ್ಲ. ಬಟ್ಟೆ ಹಿಂಡುವ ಹೊತ್ತಿಗೆ ಅದು ಮೈಮೇಲೆ ದೇವರು ಬಂದವರಂತೆ ಕುಣಿಯುತ್ತ ಬಚ್ಚಲು ಬಿಟ್ಟು ಅಡುಗೆಮನೆಯ ಹೊಸ್ತಿಲವರೆಗೂ ಬರುತ್ತಿತ್ತು. ಹೋದ ತಿಂಗಳು ಆಕೆಗೆ ಸಾಕಾಯಿತು. ನನ್ನ ಕಪಾಟಿನ ಪುಸ್ತಕಗಳನ್ನು ಒಂದೊಂದಾಗಿ ತಂದು ಆ ಕಾಲಿನ ಕೆಳಗೆ ಇಟ್ಟು ನೋಡಿದಳು. ಕವನ ಸಂಕಲನ ತೀರಾ ತೆಳುವಾಯಿತು, ನಿಘಂಟು ದಪ್ಪವಾಯಿತು. ಕಡೆಗೆ ಒಂದು ಸರಿಯಾಗಿ ಕೂತಿತು. ಅಂದಿನಿಂದ ಮಷೀನು ನಿಂತಲ್ಲೇ ನಿಂತು ಕೆಲಸ ಮಾಡುತ್ತಿದೆ.

ಆ ಪುಸ್ತಕ ಒಂದು ಕಚೇರಿಯವರು ಅಚ್ಚು ಹಾಕಿಸಿದ ‘ಮುನ್ನೋಟ’. ಮುಂದಿನ ಇಪ್ಪತ್ತು ವರ್ಷಗಳಲ್ಲಿ ನಮ್ಮ ಸೀಮೆ ಹೇಗಿರುತ್ತದೆ ಎಂಬುದರ ವರ್ಣನೆ. ಗಟ್ಟಿ ರಟ್ಟು, ಕನ್ನಡಿಯಂತೆ ಹೊಳೆಯುವ ಕಾಗದ, ನೀರು ಬಿದ್ದರೂ ಕೆಡದ ಹೊದಿಕೆ. ಅದರ ಕನ್ನಡ ನನ್ನದು. ಮಾನ್ವಿಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿದ ನನ್ನ ಬರಹ ಅಷ್ಟು ನುಣುಪಾದ ಕಾಗದದ ಮೇಲೆ ಮೂಡಿದ್ದು ಅದೊಂದೇ ಸಲ. ಅದನ್ನು ಬಚ್ಚಲಿಗೆ ಹಾಕಿದ್ದಕ್ಕೆ ನಾನು ಸ್ವಲ್ಪ ಮುಖ ಗಂಟು ಹಾಕಿಕೊಂಡೆ. ಹೆಂಡತಿ, ಇಷ್ಟು ವರ್ಷಕ್ಕೆ ಅದು ಒಂದು ಕೆಲಸಕ್ಕಾದರೂ ಬಂತಲ್ಲ ಎಂದಳು.

ಯಾವ ಕಚೇರಿ ಎಂದು ಹೇಳುವುದಿಲ್ಲ, ಅವರ ಚಹಾ ಕುಡಿದಿದ್ದೇನೆ. ಹನ್ನೊಂದು ವರ್ಷದ ಹಿಂದೆ ರಾಯಚೂರಿನಲ್ಲಿ ಅವರು ಒಂದು ಸಭೆ ಕರೆದಿದ್ದರು. ಹೊರಗೆ ರಾಯಚೂರಿನ ಬಿಸಿಲು, ಒಳಗೆ ಶಾಲು ಹೊದೆಯಬೇಕೆನಿಸುವಷ್ಟು ತಂಪು. ದೂರದ ಊರಿಂದ ಬಂದಿದ್ದ ಒಬ್ಬರು ಗೋಡೆಯ ಮೇಲೆ ಚಿತ್ರಗಳನ್ನು ತೋರಿಸಿದರು. ಒಂದು ಚಿತ್ರದಲ್ಲಿ ಇಸ್ತ್ರಿ ಮಾಡಿದ ಬಿಳಿ ಧೋತರ ಉಟ್ಟ ರೈತ, ಒಂದು ಕಳೆಯೂ ಇಲ್ಲದ ಹೊಲದಲ್ಲಿ ನಿಂತು, ಕೈಯಲ್ಲಿನ ಹಲಗೆಯಂಥ ಫೋನು ನೋಡಿ ನಗುತ್ತಿದ್ದ. ಅವನ ಹಿಂದೆ ಗಾಜಿನ ಕಟ್ಟಡಗಳು. ನಮ್ಮ ಬೇಸಿಗೆಯಲ್ಲಿ ಗಾಜಿನ ಕಟ್ಟಡದೊಳಗೆ ಕೂತವರು ಹೆಂಚಿನ ಮೇಲಿನ ರೊಟ್ಟಿಯಂತೆ ಉಬ್ಬುತ್ತಾರೆಂದು ನನಗೆ ಅನ್ನಿಸಿತು. ಹೇಳಲಿಲ್ಲ. ಉಪ್ಪಿಟ್ಟು ಚೆನ್ನಾಗಿತ್ತು.

ಭವಿಷ್ಯದ ವಿಷಯದಲ್ಲಿ ನನಗೆ ಮೊದಲಿನಿಂದಲೂ ಒಂದು ಅಭ್ಯಾಸವಿದೆ. ಯಾರಾದರೂ ತೋರಿಸಿದರೆ ನೋಡುತ್ತೇನೆ, ಬರೆ ಎಂದರೆ ಬರೆಯುತ್ತೇನೆ. ಗಿಲ್ಲೆಸುಗೂರಿನ ಶಾಲೆಯಲ್ಲಿ ಆರನೇ ಇಯತ್ತೆಯಲ್ಲಿದ್ದಾಗ ‘ಎರಡು ಸಾವಿರನೇ ಇಸವಿಯಲ್ಲಿ ನಮ್ಮೂರು’ ಎಂಬ ಪ್ರಬಂಧ ಬರೆಯಲು ಹೇಳಿದ್ದರು. ಜನ ಊಟದ ಬದಲು ಗುಳಿಗೆ ನುಂಗುತ್ತಾರೆ, ರಾಯಚೂರಿಗೆ ಹಾರುವ ಬಸ್ಸು ಹೋಗುತ್ತದೆ ಎಂದು ಬರೆದೆ. ಮಾಸ್ತರರು ಹತ್ತಕ್ಕೆ ಎಂಟು ಕೊಟ್ಟರು. ಎರಡು ಅಂಕ ಕಡಿದದ್ದು ಅಕ್ಷರ ದುಂಡಗಿಲ್ಲವೆಂದು, ಭವಿಷ್ಯ ತಪ್ಪಾಗಿದೆಯೆಂದಲ್ಲ. ಎರಡು ಸಾವಿರನೇ ಇಸವಿ ಬಂತು. ಗಿಲ್ಲೆಸುಗೂರಿನ ಬಸ್ಸಿಗೆ ರೆಕ್ಕೆ ಬರಲಿಲ್ಲ, ಕಂಡಕ್ಟರ್ ಮೊದಲಿನಂತೆಯೇ ತಗಡು ಬಡಿದು ರೈಟ್ ಅನ್ನುತ್ತಿದ್ದ. ನನ್ನ ಎಂಟು ಅಂಕವನ್ನು ಯಾರೂ ವಾಪಸು ಕೇಳಲಿಲ್ಲ. ಮುಂದೆ ದೊಡ್ಡ ದೊಡ್ಡ ಕಚೇರಿಗಳಲ್ಲೂ ಇದೇ ಪದ್ಧತಿ ಇದೆಯೆಂದು ಆಗ ನನಗೆ ತಿಳಿದಿರಲಿಲ್ಲ.

ಅದೇ ವಯಸ್ಸಿನಲ್ಲಿ ಅವ್ವ ನನ್ನನ್ನು ರಾಯಚೂರಿನ ಬಸ್‌ಸ್ಟ್ಯಾಂಡಿನ ಹೊರಗೆ ಗಿಳಿಶಾಸ್ತ್ರದವನ ಮುಂದೆ ಕೂರಿಸಿದ್ದಳು. ಗಿಳಿ ಪಂಜರದಿಂದ ಬಂದು, ಸಾಲಾಗಿಟ್ಟ ಚೀಟಿಗಳಲ್ಲಿ ಒಂದನ್ನು ಎಳೆದು, ಒಂದು ಕಾಳು ತಿಂದು ಒಳಗೆ ಹೋಯಿತು. ನನ್ನ ಚೀಟಿಯಲ್ಲಿ ಸಮುದ್ರಯಾನ ಬಂದಿತ್ತು. ನಮಗೆ ಗೊತ್ತಿದ್ದ ದೊಡ್ಡ ನೀರೆಂದರೆ ಕೃಷ್ಣಾ ನದಿ. ಅವ್ವ ಗಾಬರಿಯಾದಳು. ಗಿಳಿಯವನು, ಹೊಳಿ ದಾಟಿದರೂ ಸಮುದ್ರ ದಾಟಿದ ಲೆಕ್ಕವೇ ಎಂದು ಸಮಾಧಾನ ಹೇಳಿದ. ಇದ್ದ ಚೀಟಿಗಳೇ ಅಷ್ಟು. ಯಾರು ಬಂದರೂ ಅವರ ಮುಂದಿನ ಬದುಕು ಅಷ್ಟರೊಳಗೇ ಕೂರಬೇಕು. ‘ಮಾನ್ವಿಯಲ್ಲಿ ಕನ್ನಡ ಮಾಸ್ತರನಾಗುವೆ’ ಎಂಬ ಚೀಟಿ ಅವನ ಹತ್ತಿರ ಇರಲಿಲ್ಲ, ಪಾಪ.

ಸಭೆಯ ಮಾತಿಗೆ ಬರುತ್ತೇನೆ. ಎಲ್ಲವೂ ಇಂಗ್ಲಿಷಿನಲ್ಲಿ ತಯಾರಾಗಿತ್ತು, ಅದಕ್ಕೆ ಕನ್ನಡದ ಉಡುಪು ತೊಡಿಸಲು ನನ್ನನ್ನು ಕರೆಸಿದ್ದರು. ಮೊದಲ ಪುಟಕ್ಕೆ ಒಂದು ಕಳೆಗಟ್ಟುವ ವಾಕ್ಯ ಬೇಕು ಮಾಸ್ತರರೇ ಎಂದರು. ಒಂದು ವಾರ ಮನೆಯಲ್ಲಿ ಕೂತು ಯೋಚಿಸಿ ಬರೆದೆ: ‘ನಾಳೆಯ ನಾಡಿನಲ್ಲಿ ಪ್ರಜೆ ಕಚೇರಿಯ ಮೆಟ್ಟಿಲು ಹತ್ತುವುದಿಲ್ಲ, ಆತ ಹೆಸರು ಹೇಳುವುದೇ ತಡ, ಆತನ ಕುಲನೆಲೆಯನ್ನೆಲ್ಲ ಯಂತ್ರವೇ ಬಲ್ಲದು.’ ಮುಂದಿನ ಸಭೆಯಲ್ಲಿ ಓದಿದಾಗ ಚಪ್ಪಾಳೆ ಬಿತ್ತು. ಅಲ್ಪವಿರಾಮಕ್ಕೆ ಸರಿಯಾಗಿ ಉಸಿರು ತೆಗೆದುಕೊಂಡು ಓದಿದ್ದೆ. ಕನ್ನಡ ಮಾಸ್ತರರಿಗೆ ಚಪ್ಪಾಳೆ ಅಪರೂಪ, ಹಾಗಾಗಿ ಸಂತೋಷವಾಯಿತೆಂದು ಒಪ್ಪಿಕೊಳ್ಳುತ್ತೇನೆ.

ನನ್ನ ಒಂದು ವಾಕ್ಯದ ಮೇಲೆ ಸರ್ಕಾರ ನಡೆಯುತ್ತದೆಂಬ ಭ್ರಮೆ ನನಗಿಲ್ಲ. ಆದರೆ ವಾಕ್ಯಗಳಿಗೆ ಒಂದು ದುರ್ಗುಣವಿದೆ. ಚೆನ್ನಾಗಿದ್ದರೆ ಅವು ಬೇರೆಯವರ ಬಾಯಿಗೆ ಹೋಗುತ್ತವೆ. ಮುಂದಿನ ವರ್ಷ ಅದು ಒಂದು ಸುತ್ತೋಲೆಯ ಪೀಠಿಕೆಯಲ್ಲಿ ಕಂಡಿತು. ಅದರ ಮುಂದಿನ ವರ್ಷ ಒಂದು ಕಚೇರಿಯ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿದ್ದರು. ಆಮೇಲೆ ಯಾರಿಗೋ, ಮೆಟ್ಟಿಲೇ ಹತ್ತಬೇಕಾಗಿಲ್ಲವೆಂದ ಮೇಲೆ ಅರ್ಜಿ ತೆಗೆದುಕೊಳ್ಳುವ ಕಿಟಕಿ ಏತಕ್ಕೆ ಅನ್ನಿಸಿರಬೇಕು. ಕಿಟಕಿ ಮುಚ್ಚಿದರು. ಹೆಸರು ಹೇಳಿದರೆ ಕುಲ ಬಲ್ಲ ಯಂತ್ರವನ್ನೂ ಯಾರೋ ಮಾಡಿಯೇ ಬಿಟ್ಟರು.

ಆ ವಾಕ್ಯವನ್ನು ಬರೆದ ವಾರವೇ ಅರಕೇರಾದ ಬೀರಪ್ಪನ ಕುರಿ ನಮ್ಮ ಹೊಲದಲ್ಲಿದ್ದವು. ಮಾನ್ವಿಯ ಹೊರಗೆ ನಮಗೊಂದು ಸಣ್ಣ ಹೊಲವಿದೆ. ಸುಗ್ಗಿಯಾದ ಮೇಲೆ ಬೀರಪ್ಪ ಪ್ರತಿ ವರ್ಷ ಕವಿತಾಳದ ಕಡೆಯಿಂದ ಕುರಿ ಹೊಡೆದುಕೊಂಡು ಬಂದು ನಾಲ್ಕು ದಿನ ಅಲ್ಲಿ ಮಂದೆ ಹಾಕುತ್ತಾನೆ. ಹೊಲಕ್ಕೆ ಗೊಬ್ಬರ, ಅವನಿಗೆ ಜೋಳ. ಆ ವರ್ಷ ಅವನ ತಾಯಿ ನಿಂಗಮ್ಮ, ಎಂಟು ವರ್ಷದ ಮಗಳು ಇಬ್ಬರೂ ಜೊತೆಗೆ ಬಂದಿದ್ದರು. ಹಗಲಿಡೀ ಹುಡುಗಿ ನಮ್ಮ ಕಟ್ಟೆಯ ಮೇಲೆ ಕೂತು ಪಾಟಿಯಲ್ಲಿ ತನ್ನ ಹೆಸರು ತಿದ್ದುತ್ತಿದ್ದಳು. ನಾನು ಒಳಗೆ ‘ಕುಲನೆಲೆ’ ಸರಿಯೋ ‘ಕುಲಗೋತ್ರ’ ಸರಿಯೋ ಎಂದು ತೂಗುತ್ತಿದ್ದೆ. ಆಗಾಗ ಎದ್ದುಬಂದು ಅವಳ ಒತ್ತಕ್ಷರ ಸರಿಮಾಡಿ ಹೋಗುತ್ತಿದ್ದೆ. ಹುಸೇನಮ್ಮ ಎಂದು ಬರೆಯುತ್ತಿದ್ದಳು.

ನಮ್ಮ ಸೀಮೆಯವರಿಗೆ ಇದರಲ್ಲಿ ಹೇಳುವಂಥದ್ದೇನೂ ಇಲ್ಲ. ಹೊರಗಿನವರಿಗಾಗಿ ಹೇಳುತ್ತೇನೆ. ಇಲ್ಲಿ ಬೀರಪ್ಪನಂಥ ಹಾಲುಮತದ ಕುರುಬರ ಮನೆಗಳಲ್ಲಿ, ಬೇಡರ ಮನೆಗಳಲ್ಲಿ, ಲಿಂಗಾಯತರ ಮನೆಗಳಲ್ಲೂ ಹುಸೇನಪ್ಪ, ಮೌಲಪ್ಪ, ಲಾಲಪ್ಪ, ಫಕೀರಮ್ಮ ಇರುತ್ತಾರೆ. ಹುಟ್ಟಿದ ಕೂಸು ಉಳಿಯದಿದ್ದರೆ, ಮುಂದಿನದನ್ನು ಅಲಾಯಿ ಹಬ್ಬದಲ್ಲಿ ದೇವರ ಮುಂದೆ ಮಲಗಿಸಿ ಹರಕೆ ಹೊರುತ್ತಾರೆ. ಮೊಹರಮ್ಮಿಗೆ ನಮ್ಮ ಕಡೆ ಅಲಾಯಿ ಹಬ್ಬ ಅನ್ನುತ್ತೇವೆ. ಮಸೂತಿಯ ಮುಂದೆ ಬೆಂಕಿಯ ಕುಣಿ ತೋಡುವುದರಿಂದ ಹಿಡಿದು ಚೊಂಗೆಯ ಸಿಹಿ ಹಂಚುವವರೆಗೆ ಊರಿಗೆ ಊರೇ ಸೇರುತ್ತದೆ. ಮಸೂತಿ ನೋಡಿಕೊಳ್ಳುವ ಮುಜಾವರರು ಕೂಸಿನ ಕೊರಳಿಗೆ ಕೆಂಪು ದಾರ ಕಟ್ಟಿ ಒಂದು ಹೆಸರು ಹೇಳುತ್ತಾರೆ. ಕೂಸು ಉಳಿದರೆ ಆ ಹೆಸರು ಉಳಿಯುತ್ತದೆ. ಹಾಜರಿ ಕರೆಯುವಾಗ ನಾನು ಮೂವತ್ತು ವರ್ಷ ಇಂಥ ಹೆಸರುಗಳನ್ನು ಕೂಗಿದ್ದೇನೆ. ಒಂದು ದಿನವೂ ಆಶ್ಚರ್ಯಪಟ್ಟಿಲ್ಲ.

ಆಶ್ಚರ್ಯಪಡುವ ಕೆಲಸವನ್ನು ಕಡೆಗೆ ಯಂತ್ರವೇ ಮಾಡಿತು. ಹೋದ ವರ್ಷ ಹುಸೇನಮ್ಮನ ಪಿಯುಸಿ ಮುಗಿಯಿತು. ಮಾನ್ವಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಓದಿದಳು, ನನ್ನ ಹತ್ತಿರ ಕನ್ನಡಕ್ಕೂ ಬಂದಳು. ಅಂಕ ಚೆನ್ನಾಗಿ ಬಂದವು. ರಾಯಚೂರಿನಲ್ಲಿ ನರ್ಸಿಂಗ್ ಸೀಟು ಸಿಕ್ಕಿತು. ಕುರಿಗಳಿಗೆ ಹೆರಿಗೆ ಮಾಡಿಸಿದ ಕೈ ಅದು, ರಕ್ತ ಕಂಡರೆ ಹೆದರುವವಳಲ್ಲ. ಶನಿವಾರದೊಳಗೆ ಹೊಸ ಜಾತಿ ಪ್ರಮಾಣಪತ್ರ ಒಪ್ಪಿಸಬೇಕು, ಇಲ್ಲವಾದರೆ ಸೀಟು ಮುಂದಿನವರಿಗೆ ಎಂದು ಹೇಳಿದ್ದರು. ಹಳೆಯದು ಕೈಬರಹದ್ದು, ಅದು ನಡೆಯುವುದಿಲ್ಲ. ಸೋಮವಾರ ಬೆಳಿಗ್ಗೆ ಅಜ್ಜಿ ಮೊಮ್ಮಗಳು ಇಬ್ಬರೂ ನಮ್ಮ ಮನೆಗೆ ಬಂದರು. ನಾನು ಅವರನ್ನು ರಫೀಕನ ಹತ್ತಿರ ಕರೆದುಕೊಂಡು ಹೋದೆ.

ರಫೀಕ ನನ್ನ ಹಳೆಯ ವಿದ್ಯಾರ್ಥಿ. ಬಸ್‌ಸ್ಟ್ಯಾಂಡಿನ ಹತ್ತಿರ ಆನ್‌ಲೈನ್ ಅರ್ಜಿ ತುಂಬುವ ಅಂಗಡಿ ಇಟ್ಟಿದ್ದಾನೆ. ಕನ್ನಡದಲ್ಲಿ ಸದಾ ಮೂವತ್ತೈದರ ಅಂಚಿನಲ್ಲಿದ್ದವನು ಈಗ ಅರ್ಧ ತಾಲೂಕಿನ ಅರ್ಜಿಗಳನ್ನು ಬರೆಯುತ್ತಾನೆ. ಅವನು ಹುಸೇನಮ್ಮನ ವಿವರ ತುಂಬಿ ಗುಂಡಿ ಒತ್ತಿದ. ಪರದೆ ಕೆಂಪಾಯಿತು. ‘ಹೆಸರು ಮತ್ತು ಜಾತಿ ವಿವರ ತಾಳೆಯಾಗುತ್ತಿಲ್ಲ’ ಎಂದು ಬಂತು. ಮತ್ತೊಮ್ಮೆ ತುಂಬಿದ, ಮತ್ತೆ ಕೆಂಪು. ಮೂರನೆಯ ಸಲಕ್ಕೆ ಹದಿನೈದು ದಿನ ಬಿಟ್ಟು ಪ್ರಯತ್ನಿಸಿರಿ ಎಂದು ಆ ಅರ್ಜಿ ಬಾಗಿಲು ಹಾಕಿಕೊಂಡಿತು. ಮೊದಲು ಹೀಗಿರಲಿಲ್ಲ, ಇತ್ತೀಚೆಗೆ ಹೆಸರು ನೋಡಿ ತಾನೇ ತೀರ್ಮಾನ ಮಾಡುವುದನ್ನು ಅದಕ್ಕೆ ಕಲಿಸಿದ್ದಾರೆಂದು ರಫೀಕ ವಿವರಿಸಿದ. ಹುಸೇನಮ್ಮ ಎಂಬವಳು ಹಾಲುಮತದವಳು ಹೇಗಾದಾಳು ಎಂಬುದು ಅದರ ಸಂಶಯ.

ಆಮೇಲೆ ಅವನು ಒಂದು ಪರೀಕ್ಷೆ ಮಾಡಿದ. ಹೊಸದೊಂದು ಅರ್ಜಿ ತೆರೆದು, ಉಳಿದದ್ದೆಲ್ಲ ಹಾಗೆಯೇ ಇಟ್ಟು, ಧರ್ಮದ ಚೌಕದಲ್ಲಿ ಮಾತ್ರ ತನ್ನ ಧರ್ಮವನ್ನು ತುಂಬಿದ. ಪರದೆ ಕೂಡಲೇ ಹಸಿರಾಯಿತು. ಇನ್ನೊಂದು ಗುಂಡಿ ಒತ್ತಿದರೆ ಪ್ರಮಾಣಪತ್ರ ಕೈಗೆ ಬರುವಂತಿತ್ತು. ಅಂಗಡಿಯಲ್ಲಿದ್ದ ನಾಲ್ವರೂ ಆ ಹಸಿರನ್ನೇ ನೋಡಿದೆವು. ಮೊದಲು ಮಾತಾಡಿದವಳು ಹುಸೇನಮ್ಮ. ಅದನ್ನೇ ತೆಗೆದುಬಿಡು ಅಣ್ಣಾ, ನನಗೆ ಸೀಟು ಸಿಕ್ಕರೆ ಸಾಕು ಎಂದಳು. ಹದಿನೆಂಟು ವರ್ಷದವರಿಗೆ ಹಸಿರು ಹಸಿರೇ.

“ಬ್ಯಾಡವ್ವಾ. ನಾಳಿ ಯಾರರ ತಗದು ನೋಡಿದ್ರ ನೀ ಸುಳ್ಳು ಹೇಳಿದಂಗ ಆಗ್ತದ,” ಎಂದು ರಫೀಕ ಆ ಅರ್ಜಿಯನ್ನು ಅಳಿಸಿ ಹಾಕಿದ. ಅವನಿಗೂ ಮನಸ್ಸಿಗೆ ನೋವಾಗಿತ್ತೆಂದು ಕಾಣುತ್ತದೆ. ಅವನು ಅಳಿಸಿದ ಆ ಹಸಿರು ಬಂದದ್ದು ಅವನದೇ ಧರ್ಮದ ಹೆಸರಿಗಲ್ಲವೇ.

ಉಳಿದದ್ದು ಇನ್ನೊಂದು ದಾರಿ. ಹೆಸರನ್ನೇ ಬದಲಾಯಿಸಿ ಹೊಸ ಅರ್ಜಿ ಹಾಕುವುದು. ನೋಟರಿಯಿಂದ ಒಂದು ಕಾಗದ ಮಾಡಿಸಿದರೆ ತಾತ್ಕಾಲಿಕವಾಗಿ ನಡೆಯಬಹುದು, ಮಿಕ್ಕದ್ದನ್ನು ಆಮೇಲೆ ತಿದ್ದಿಸಿಕೊಳ್ಳಬಹುದು ಎಂದು ರಫೀಕ ಹೇಳಿದ. ಹುಡುಗಿಗೆ ಅದೂ ಒಪ್ಪಿಗೆ. ಶಾಲೆಯಲ್ಲಿ ಈ ಹೆಸರಿಗೆ ನಕ್ಕವರಿದ್ದರಂತೆ, ಉಷಾ ಎಂದು ಇಟ್ಟುಕೊಳ್ಳುತ್ತೇನೆ ಎಂದಳು. ಎಷ್ಟು ಬೇಗ ಹೇಳಿದಳೆಂದರೆ, ಬಹಳ ದಿನಗಳಿಂದ ಆ ಹೆಸರು ಮನಸ್ಸಿನಲ್ಲಿದ್ದಿರಬೇಕು. ಅರ್ಜಿ, ಪರದೆ, ಗುಂಡಿ ಯಾವುದೂ ನಿಂಗಮ್ಮನಿಗೆ ಸಂಬಂಧಿಸಿದ್ದಲ್ಲ. ಉಷಾ ಎಂದ ಕೂಡಲೇ ತಲೆಯೆತ್ತಿದಳು.

“ನಿನಗಿಂತ ಮದ್ಲ ಎಲ್ಡು ಕೂಸು ಮಣ್ಣಿಗೆ ಹೋದವು. ನಿನ್ನ ಒಯ್ದು ಅಲಾಯಿ ದೇವರ ಮುಂದ ಹಾಕಿ, ಇದು ನಿಂದು, ನಮ್ದಲ್ಲ ಅಂದೀನಿ. ನಮ್ದಲ್ಲ ಅಂದಿದ್ದಕ್ಕ ಉಳದೀಯಿ. ಈಗ ಹೆಸರು ತಗದ್ರ ನಮ್ದು ಅಂದಂಗ ಆಗ್ತದ.”

ಆಕೆಯ ದನಿ ಏರಲಿಲ್ಲ. ಹುಸೇನಮ್ಮ, ಅಜ್ಜೀ ನಾನು ಹದಿನೆಂಟು ವರ್ಷ ಬದುಕಿದ್ದೇನೆ, ಇನ್ನೇನೂ ಆಗುವುದಿಲ್ಲ ಎಂದಳು. ಒಂದು ಕಡೆ ಮೊಮ್ಮಗಳ ಸೀಟು, ಇನ್ನೊಂದು ಕಡೆ ಮೊಮ್ಮಗಳ ಜೀವ, ನಿಂಗಮ್ಮನ ಪಾಲಿಗೆ ವಿಷಯ ಅಷ್ಟು ಸರಳವಾಗಿತ್ತು. ನಾನು ಇಂಥ ನಂಬಿಕೆಗಳನ್ನು ದೂರದಿಂದ ನೋಡುವವನು. ಆ ಹೊತ್ತಿನಲ್ಲಿ ಮಾತ್ರ ನನಗೆ ದೂರ ನಿಲ್ಲಲು ಜಾಗ ಸಿಗಲಿಲ್ಲ. ‘ಹೆಸರು ಹೇಳುವುದೇ ತಡ’ ಎಂದು ಬರೆದವನು ನಾನು. ಆ ವಾರ ಈ ಹುಡುಗಿಯ ಹೆಸರು ನನ್ನ ಕಟ್ಟೆಯ ಮೇಲೆಯೇ ಇತ್ತು. ನನಗೆ ನಾಚಿಕೆಯಾಯಿತು.

ಮರುದಿನ ಅಜ್ಜಿ, ಮೊಮ್ಮಗಳು, ನಾನು ಮೂವರೂ ತಾಲೂಕು ಕಚೇರಿಗೆ ಹೋದೆವು. ಬಾಗಿಲಲ್ಲಿ ‘ಎಲ್ಲ ಸೇವೆಗಳೂ ಆನ್‌ಲೈನ್ ಮೂಲಕ ಮಾತ್ರ’ ಎಂಬ ಬೋರ್ಡು. ಕಾವಲುಗಾರ ಒಂದು ಫೋನ್ ನಂಬರು ತೋರಿಸಿದ. ಆ ನಂಬರಿನ ಹೆಂಗಸು ಬಹಳ ಮರ್ಯಾದೆಯಿಂದ ಒಂದು ಒತ್ತಿರಿ, ಎರಡು ಒತ್ತಿರಿ ಎಂದು ಹೇಳಿ, ನಾನು ಎಲ್ಲವನ್ನೂ ಒತ್ತಿದ ಮೇಲೆ, ನಮ್ಮ ಸೇವೆ ನಿಮಗೆ ತೃಪ್ತಿ ತಂದಿತೇ ಎಂದು ಕೇಳಿದಳು. ನಾನು ಕಾವಲುಗಾರನಿಗೆ ನನ್ನ ಪರಿಚಯ ಹೇಳಿಕೊಂಡೆ, ಮುನ್ನೋಟದ ಸಂಗತಿಯನ್ನೂ ಸ್ವಲ್ಪ ಉಬ್ಬಿಸಿ ಹೇಳಿದೆ. ಗೋಡೆಯ ಮೇಲಿನ ವಾಕ್ಯ ನನ್ನದು ಎಂದೆ. ಅವನು ಅದನ್ನು ಒಮ್ಮೆ ತಿರುಗಿ ಓದಿ, ಹಂಗಾರ ನಿಮಗ ಗೊತ್ತದಲ್ರಿ, ಮೆಟ್ಟಲಾ ಹತ್ತಂಗಿಲ್ಲ ಎಂದ. ತಪ್ಪು ಅವನದಲ್ಲ.

ನಾನು ಬಿಸಿಲಲ್ಲಿ ಬೆವರು ಒರೆಸಿಕೊಳ್ಳುತ್ತ ಯಾರಿಗಾದರೂ ಪತ್ರ ಬರೆಯಬೇಕೆಂದು ಯೋಚಿಸುತ್ತಿದ್ದೆ. ಓದಿದವರಿಗೆ ಕಷ್ಟ ಬಂದರೆ ಮೊದಲು ಹೊಳೆಯುವುದು ಪತ್ರ. ಅಷ್ಟರಲ್ಲಿ ನಿಂಗಮ್ಮ ಹೆಗಲ ಮೇಲಿನ ಕಂಬಳಿ ತೆಗೆದು, ಎರಡು ಮಡಿಕೆ ಮಾಡಿ, ಮೊದಲನೆಯ ಮೆಟ್ಟಿಲ ಮೇಲೆ ಹಾಸಿ ಕೂತಳು. ಅದು ಧರಣಿಯಲ್ಲ. ಆಕೆಯ ಮುಖದಲ್ಲಿ ಸಿಟ್ಟೂ ಇರಲಿಲ್ಲ. ಹಳ್ಳದ ದಂಡೆಯಲ್ಲಿ ಕುರಿ ನೀರು ಕುಡಿಯುವ ತನಕ ಕೂರುತ್ತಾರಲ್ಲ, ಹಾಗೆ. ಕಾವಲುಗಾರ ಏಳವ್ವಾ ಎಂದ. ನಿಂಗಮ್ಮ, ನಾ ಹತ್ತಂಗಿಲ್ಲಪ್ಪಾ, ಕುಂದ್ರತೀನಿ ಎಂದಳು. ಅವನಿಗೆ ಕೊಟ್ಟಿದ್ದ ಆದೇಶದಲ್ಲಿ ಕೂರುವ ವಿಷಯ ಇರಲಿಲ್ಲವೆಂದು ಕಾಣುತ್ತದೆ, ಸುಮ್ಮನಾದ.

ಮಂಗಳವಾರ ಹಾಗೆ ಹೋಯಿತು. ಬುಧವಾರವೂ ಹೋಯಿತು. ಗುರುವಾರ ಮಧ್ಯಾಹ್ನ ಅಧಿಕಾರಿಯ ಗಾಡಿ ಬಂತು. ದಕ್ಷಿಣದ ಕಡೆಯ ಹುಡುಗಿ, ಇಲ್ಲಿಗೆ ಬಂದು ಆರು ತಿಂಗಳೂ ಆಗಿರಲಿಲ್ಲ. ಮುದುಕಿಯನ್ನು ದಾಟಿಕೊಂಡು ಹೋಗಲು ಆಗದೆ ನಿಂತು, ಅಜ್ಜಿ ಯಾಕೆ ಇಲ್ಲಿ ಕೂತಿದ್ದೀರಿ ಎಂದು ಕೇಳಿದರು. ನಾನು ವಿವರಿಸಲು ಮುಂದೆ ಹೋದೆ. ಪೀಠಿಕೆಯಲ್ಲೇ ಇದ್ದಾಗ ನಿಂಗಮ್ಮ ನನ್ನನ್ನು ಕೈಸನ್ನೆಯಲ್ಲಿ ನಿಲ್ಲಿಸಿ, ಎರಡು ಕೂಸು ಹೋದದ್ದು, ದೇವರ ಮುಂದೆ ಮೂರನೆಯದನ್ನು ಮಲಗಿಸಿದ್ದು, ಕೆಂಪು ದಾರ, ಹೆಸರು, ಎಲ್ಲವನ್ನೂ ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಿದಳು. ಅಧಿಕಾರಿ ಹುಸೇನಮ್ಮನ ಮುಖ ನೋಡಿದರು, ಹಳೆಯ ಕೈಬರಹದ ಪ್ರಮಾಣಪತ್ರ ನೋಡಿದರು, ಒಳಗೆ ಬನ್ನಿ ಎಂದರು.

ಅವರ ಕಂಪ್ಯೂಟರಿನಲ್ಲಿ ಯಂತ್ರದ ತೀರ್ಮಾನವನ್ನು ಬದಿಗೆ ಸರಿಸುವ ಒಂದು ಗುಂಡಿ ಇತ್ತು. ಕಾರಣ ಬರೆಯಲು ಒಂದು ಚೌಕವೂ ಇತ್ತು. ಇದನ್ನು ಈವರೆಗೆ ಒತ್ತಿರಲಿಲ್ಲ ಎಂದು ಅವರೇ ಹೇಳಿದರು. ಕೇಳಿಕೊಂಡು ಯಾರೂ ಬಂದಿರಲಿಲ್ಲವಂತೆ. ಹೇಗೆ ಬಂದಾರು ಎಂದು ನಾನು ಕೇಳಲಿಲ್ಲ. ಹಳ್ಳಿಯ ಲೆಕ್ಕಿಗನಿಗೆ ಫೋನು ಹೋಯಿತು, ಅರಕೇರಾದಲ್ಲಿ ಐದು ಜನರ ಸಹಿ ಹಾಕಿಸಿ ಪಂಚನಾಮೆ ಬಂತು, ಶುಕ್ರವಾರ ಸಂಜೆ ಪ್ರಮಾಣಪತ್ರ ಹುಸೇನಮ್ಮನ ಕೈಗೆ ಬಂತು. ಪಂಚರಲ್ಲಿ ಮಸೂತಿಯ ಮುಜಾವರರೂ ಒಬ್ಬರೆಂದು ಆಮೇಲೆ ತಿಳಿಯಿತು. ಶನಿವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಅವಳು ರಾಯಚೂರಿಗೆ ಹೋದಳು. ಅದೇ ಹೆಸರಿನಲ್ಲಿ ಹೋದಳು, ಮನಸ್ಸಿಲ್ಲದೆಯೇ. ಈಗ ಹಾಸ್ಟೆಲಿನಲ್ಲಿ ಗೆಳತಿಯರು ಉಷಾ ಎಂದೇ ಕರೆಯುತ್ತಾರಂತೆ. ಇದನ್ನು ಅಜ್ಜಿಗೆ ಯಾರೂ ಹೇಳಿಲ್ಲ, ನೀವೂ ಹೇಳಬೇಡಿ.

ಕಥೆ ಇಲ್ಲಿಗೆ ಮುಗಿದಿದ್ದರೆ ನನಗೂ ಗೌರವವಾಗಿರುತ್ತಿತ್ತು. ಆದರೆ ಆ ಅಧಿಕಾರಿ ಒಳ್ಳೆಯವರು, ಒಳ್ಳೆಯವರು ಕೆಲಸ ಹಚ್ಚುತ್ತಾರೆ. ಈ ಸೀಮೆಯಲ್ಲಿ ಇಂಥ ಹೆಸರುಗಳು ಎಷ್ಟಿವೆ, ಯಾವ ಯಾವ ಮನೆತನದಲ್ಲಿವೆ ಎಂದು ಒಂದು ಪಟ್ಟಿ ಮಾಡಿಕೊಟ್ಟರೆ ಮೇಲಿನವರಿಗೆ ಕಳಿಸುತ್ತೇನೆ, ಯಂತ್ರಕ್ಕೆ ಕಲಿಸುತ್ತಾರೆ, ಮುಂದೆ ಯಾರಿಗೂ ತೊಂದರೆಯಾಗುವುದಿಲ್ಲ ಎಂದರು. ನನಗೆ ಹುಮ್ಮಸ್ಸು ಬಂತು. ಮಾಡಿದ ತಪ್ಪನ್ನು ನನ್ನ ಕೈಯಿಂದಲೇ ತಿದ್ದಬಹುದಲ್ಲ. ಉದ್ದನೆಯ ಹಾಳೆಗಳನ್ನು ಕೊಂಡು ಗೆರೆ ಎಳೆದೆ. ರಫೀಕನಿಗೆ ತೋರಿಸಿದಾಗ ಅವನು ಹಾಳೆಯನ್ನು ಬಹಳ ಹೊತ್ತು ನೋಡಿದ.

“ಸರ್, ನೀವು ಒಳ್ಳೇದಕ್ಕೇ ಮಾಡಾಕತ್ತೀರಿ, ಖರೆ. ಪಟ್ಟಿ ಅಂದ್ರ ನನಗ್ಯಾಕೋ ಹೆದರಿಕಿ ಆಗ್ತದ. ಇವತ್ತು ಕೇಳಿದವ್ರು ನಾಳಿ ಇರಂಗಿಲ್ಲ, ಪಟ್ಟಿ ಇರ್ತದ.”

ನಾನು ಅವನನ್ನು ಹೆದರುಪುಕ್ಕಲ ಎಂದು ಛೇಡಿಸಿದೆ. ಅವನು ನಗಲಿಲ್ಲ. ಪಟ್ಟಿ ಇನ್ನೂ ನನ್ನ ಹತ್ತಿರವೇ ಇದೆ, ಆರು ತಿಂಗಳಾಯಿತು.

ಅವತ್ತು ಹೆಸರು ಬರೆದುಕೊಳ್ಳಲು ಹೊರಟೆ, ದೇವದುರ್ಗಕ್ಕೆ ಒಂದು ಬಸ್ಸು, ಅಲ್ಲಿಂದ ಅರಕೇರಾಕ್ಕೆ ಇನ್ನೊಂದು. ನಿಂಗಮ್ಮನ ಮನೆಯ ಪಡಸಾಲೆಯಲ್ಲಿ ಕಂಬಳಿ ಹಾಸಿ ನನ್ನನ್ನು ಕೂರಿಸಿದರು. ಆಕೆ ಹೆಸರು ಹೇಳುತ್ತ ಹೋದಳು, ನಾನು ಬರೆಯುತ್ತ ಹೋದೆ. ಆಕೆಗೆ ಬರೀ ಹೆಸರು ಹೇಳಲು ಬರುವುದಿಲ್ಲ. ಅಗಸಿ ಮನೆಯ ಹುಸೇನಪ್ಪ, ಅವನು ಹುಟ್ಟಿದಾಗ ಮೂರು ದಿನ ಅಳಲಿಲ್ಲ. ಮೌಲಪ್ಪ, ಅವನವ್ವ ಕುಣಿಯ ಸುತ್ತ ಹನ್ನೊಂದು ಸುತ್ತು ಉರುಳಿದಳು. ಲಾಲಪ್ಪ, ಅವನ ಅಪ್ಪನೂ ಲಾಲಪ್ಪ, ಇಬ್ಬರದೂ ಒಂದೇ ಹರಕೆ. ಫಕೀರಮ್ಮ, ಹರಕೆ ಹೊತ್ತರೂ ಉಳಿಯಲಿಲ್ಲ, ಆದರೂ ಬರೆದುಕೋ ಎಂದಳು. ನನ್ನ ಹಾಳೆಯಲ್ಲಿ ಹೆಸರಿಗೆ ಒಂದು ಅಂಕಣ, ಮನೆತನಕ್ಕೆ ಒಂದು ಅಂಕಣ. ಮಿಕ್ಕದ್ದಕ್ಕೆ ಜಾಗವಿರಲಿಲ್ಲ. ನಾನು ಕೇಳಿಸಿಕೊಂಡೆ, ಬರೆಯಲಿಲ್ಲ.

ನಲವತ್ತೊಂದಕ್ಕೆ ಆಕೆ ನಿಂತಳು. ಇನ್ನು ನೆನಪಾಗುತ್ತಿಲ್ಲ ಎಂದಳು. ಎದುರಿಗೆ ನಿಂಗಮ್ಮನ ಕಿರಿಯ ಸೊಸೆ, ಅಂದರೆ ಹುಸೇನಮ್ಮನ ಚಿಕ್ಕಮ್ಮ, ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ತುಂಬಿದ ಬಸುರಿ, ಮೊರವನ್ನು ಮೈಗೆ ತಾಗದಂತೆ ದೂರ ಹಿಡಿದಿದ್ದಳು. ಕೆಲಸ ಚೆನ್ನಾಗಿ ನಡೆದ ಸಂತೋಷದಲ್ಲಿ ನನಗೆ ಹುಡುಗಾಟ ಹೊಳೆಯಿತು. ಆ ಹೊಟ್ಟೆಯಲ್ಲಿರುವ ಕೂಸಿನ ಹೆಸರನ್ನೂ ಈಗಲೇ ಹೇಳಿಬಿಡು ನಿಂಗಮ್ಮ, ಬರೆದುಕೊಂಡು ಬಿಡುತ್ತೇನೆ, ಅದು ದೊಡ್ಡದಾಗುವ ಹೊತ್ತಿಗೆ ಯಂತ್ರ ಕಲಿತಿರಲಿ ಎಂದೆ. ಹೇಳುತ್ತಲೇ ಹಾಳೆಯ ಕೆಳಗೆ ನಲವತ್ತೆರಡು ಎಂದು ಅಂಕಿ ಹಾಕಿದೆ.

ಸೊಸೆಯ ಕೈಯಲ್ಲಿ ಮೊರ ನಿಂತಿತು. ನಿಂಗಮ್ಮ ನನ್ನ ಪೆನ್ನು ಹಿಡಿದ ಕೈಯನ್ನು ಮಣಿಕಟ್ಟಿನ ಹತ್ತಿರ ಹಿಡಿದಳು. ಆ ವಯಸ್ಸಿಗೆ ಅಷ್ಟು ಬಲವಿರುತ್ತದೆಂದು ನನಗೆ ಗೊತ್ತಿರಲಿಲ್ಲ.

“ಅದು ಇನ್ನೂ ಬಂದಿಲ್ರಿ ಮಾಸ್ತರ. ಬರ್ಲಿ ಮದ್ಲ. ಯಾವ ವ್ಯಾಳ್ಯಾದಾಗ ಬರ್ತದ, ಉಳೀತದೋ ಇಲ್ಲೋ, ನಾವು ಯಾವ ದೇವರ ಕಾಲಿಗೆ ಬೀಳಬೇಕಾಗ್ತದ, ನಮಗೂ ಗೊತ್ತಿಲ್ಲ. ಅದೆಲ್ಲ ಆದ ಮ್ಯಾಲ ಹೆಸರು. ಮದ್ಲ ಬರದ್ರ ಉಳಿಯಂಗಿಲ್ಲ.”

ನಾನು ಆ ಅಂಕಿಯನ್ನು ಹೊಡೆದು ಹಾಕಿದೆ. ಆಕೆಗೆ ಅಷ್ಟು ಸಾಲಲಿಲ್ಲ. ಇನ್ನೊಂದು ಗೆರೆ ಎಳೆದೆ, ಅದೂ ಸಾಲಲಿಲ್ಲ. ಹಾಳೆಯ ಆ ತುದಿಯನ್ನು ನನ್ನ ಕೈಯಿಂದಲೇ ಹರಿಸಿ ತೆಗೆದುಕೊಂಡು, ಒಳಗೆ ಹೋಗಿ ಒಲೆಗೆ ಹಾಕಿ, ಪೂರಾ ಬೂದಿಯಾಗುವವರೆಗೂ ಅಲ್ಲೇ ನಿಂತಳು. ಆಮೇಲೆ ಅದೇ ಒಲೆಯ ಮೇಲೆ ನನಗೆ ಚಹಾಕ್ಕಿಟ್ಟಳು.